ಒಂದೂವರೆ ಕುಣಿತ

ಮೂಡಿಗೆರೆ ಆಚೆಯ ಭಾವನ ತೋಟಕ್ಕೆ ನಮ್ಮ ಪಿಕಪ್ಪಿನ ಹಿಂದಿನ ಸೀಟಿನಲ್ಲಿ ಕೂತು ಬಂದ ಅತ್ತೆ, ಇಳಿದವರೇ ಸೊಂಟ ಹಿಡಿದುಕೊಂಡು ಹೇಳಿದರು: "ಇದಕ್ಕಿಂತ ಎತ್ತಿನ ಗಾಡಿ ವಾಸಿ ಅಳಿಯಂದ್ರೆ. ಅದ್ರಲ್ಲಿ ಹುಲ್ಲಾದ್ರೂ ಹಾಸಿರ್ತಿದ್ರು."

ಮಾತು ನಾಟಿತು ಎಂದು ಬರೆಯಬೇಕು. ನಿಜವೆಂದರೆ ಖುಷಿಯಾಯಿತು. ಸಸ್ಪೆನ್ಷನ್ ಬದಲಾಯಿಸಲು ನಾನು ಒಂದು ವರ್ಷದಿಂದ ನೆಪ ಹುಡುಕುತ್ತಿದ್ದೆ. ಆಫ್‌ರೋಡ್ ಕ್ಯಾಂಪಿಂಗ್ ಮಾಡುವವನು ನಾನು. ಕಾಡಿನಲ್ಲಿ ಡೇರೆ ಹಾಕಲು ಅರಣ್ಯ ಇಲಾಖೆ ಬಿಡುವುದಿಲ್ಲವಾದ್ದರಿಂದ ಭಾವನ ತೋಟದ ತುದಿಯ ಹುಲ್ಲುಗುಡ್ಡದ ಮೇಲೆ ವರ್ಷಕ್ಕೆರಡು ಸಲ ಹಾಕುತ್ತೇನೆ. ಮಳೆ ಬಂದರೆ ಭಾವನ ಮನೆಯಲ್ಲಿ ಮಲಗುತ್ತೇನೆ. "ನಿಮ್ಮ ಆಫ್‌ರೋಡು ಅಂದ್ರೆ ನಮ್ಮಣ್ಣನ ಮನೆ ದಾರಿ" ಎನ್ನುತ್ತಾಳೆ ಹೆಂಡತಿ. ಆ ಮೂರು ಕಿಲೋಮೀಟರ್ ಕೊರಕಲಿನಲ್ಲಿ ಭಾವ ದಿನಾ ಹಳೇ ಜೀಪಿನಲ್ಲಿ, ಬಾಯಿತುಂಬ ಎಲೆಯಡಿಕೆ ಇಟ್ಟುಕೊಂಡು, ಅಂಗಿಗೆ ಒಂದು ಹನಿ ಬೀಳದಂತೆ ಓಡಾಡುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಬೆಂಗಳೂರಿನ ಅಂಗಡಿಯ ಹುಡುಗ ಪಟ್ಟಿ ಓದಿದ. ಮುಂದಕ್ಕೆ ಗಟ್ಟಿ ಕಾಯಿಲ್ ಸ್ಪ್ರಿಂಗು, ಹಿಂದಕ್ಕೆ ಹೊಸ ಕಮಾನು ಪಟ್ಟಿ, ನೈಟ್ರೋಜನ್ ತುಂಬಿದ ಶಾಕ್‌ಗಳು, ಗಾಡಿ ಎರಡಿಂಚು ಎತ್ತರ. ಒಂದೂವರೆ ಲಕ್ಷ, ಫಿಟ್ಟಿಂಗ್ ಬೇರೆ. ನಾನು ಸೊಂಟದ ವಿಷಯ ಕೇಳಿದೆ. ಅವನು "ಲುಕ್ಕೇ ಬೇರೆ ಸಾರ್" ಎಂದ. ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆಯಲ್ಲಪ್ಪ ಎಂದೆ. "ಅದೆಲ್ಲ ಯಾರ್ ನೋಡ್ತಾರೆ ಸಾರ್." ಈ ದೇಶದಲ್ಲಿ ಕಾನೂನು ಓದಿದವನು ಪೆದ್ದನಾಗಿ ಕಾಣುವ ಜಾಗಗಳಲ್ಲಿ ಆಟೊಮೊಬೈಲ್ ಅಂಗಡಿಯೂ ಒಂದು.

ನಮ್ಮ ಮಾಮೂಲಿ ಮೆಕ್ಯಾನಿಕ್ ಬೇರೆ ದಾರಿ ತೋರಿಸಿದ. "ಮೊದ್ಲು ಶಾಕ್ ಹೋಗಿದ್ಯಾ ನೋಡಿ ಸಾರ್. ಹಿಂದೆ ಹತ್ತಿ ಜೋರಾಗಿ ಒತ್ತಿ ಬಿಡಿ. ಒಂದೂವರೆ ಸಲ ಕುಣಿದು ನಿಂತ್ರೆ ಜೀವ ಇದೆ. ಆಮೇಲೂ ಕುಣೀತಿದ್ರೆ ತಿಥಿ ಮಾಡಿ."

ಭಾನುವಾರ ಬೆಳಗ್ಗೆ ಆರು ಗಂಟೆಗೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹಿಂದಿನ ಬಂಪರ್ ಹತ್ತಿ ಒತ್ತಿದೆ. ನನ್ನ 58 ಕಿಲೋವನ್ನು ಗಾಡಿ ಗಮನಿಸಲೇ ಇಲ್ಲ. ಒಂದೂವರೆ ಹೋಗಲಿ, ಕಾಲು ಕುಣಿತವೂ ಇಲ್ಲ. ಟೇಲ್‌ಗೇಟ್ ಹಿಡಿದು ಹಾರಿದೆ. ವಾಚ್‌ಮನ್ ಓಡಿಬಂದ. "ಕೀ ಒಳಗೆ ಬಿಟ್ರಾ ಸಾರ್?" ವಿವರಿಸಿದೆ. ಅವನೂ ಹತ್ತಿದ. ಹಾಲಿನ ಹುಡುಗ ಕ್ರೇಟ್ ಕೆಳಗಿಟ್ಟು, ಕಾರಣ ಕೇಳದೆ ಹತ್ತಿದ. ವಾಕಿಂಗ್ ಹೊರಟಿದ್ದ ಮೂವರು, ಅವರ ಹಿಂದೆ ಮಂಕಿ ಕ್ಯಾಪಿನ ನಿವೃತ್ತ ಎಂಜಿನಿಯರರು ಬಂದರು. ಎಂಜಿನಿಯರರು ಹತ್ತಲಿಲ್ಲ. ಯಾರಾದರೂ ಕೆಳಗೆ ನಿಂತು ಎಣಿಸಬೇಕಲ್ಲ.

"ಎಲ್ಲರೂ ಒಟ್ಟಿಗೆ! ಒನ್, ಟೂ, ಥ್ರೀ!"

ಹಾರಿದೆವು. ಗಾಡಿ ಕುಣಿಯಿತು. ಎಷ್ಟು? ಒಂದೂವರೆ ಎಂದರು ಒಬ್ಬರು. ಒಂದೂಮುಕ್ಕಾಲು ಎಂದ ವಾಚ್‌ಮನ್. ಕೆಳಗೆ ಹೋದದ್ದು ಅರ್ಧವೋ, ಹೋಗಿ ಬಂದದ್ದು ಅರ್ಧವೋ ಎಂಬ ಮೂಲಭೂತ ಪ್ರಶ್ನೆ ಎದ್ದಿತು. ಸೊಸೈಟಿಯ ವಾರ್ಷಿಕ ಸಭೆಯಲ್ಲೂ ಇಷ್ಟು ಆಸಕ್ತಿಯ ಚರ್ಚೆ ನಡೆದದ್ದಿಲ್ಲ. ಮತ್ತೆ ಹಾರಿದೆವು. ಮೂರನೇ ಸಲ ಹಾರಿ ಆರು ಜನ ಗಾಳಿಯಲ್ಲಿದ್ದ ಹೊತ್ತಿಗೆ ಲಿಫ್ಟ್ ತೆರೆಯಿತು. ಹಸಿಕಸದ ಬಕೆಟ್ ಹಿಡಿದ ನನ್ನ ಹೆಂಡತಿ. ನೋಡಿದಳು. ಕಸ ಹಾಕಿದಳು. ಮತ್ತೆ ಲಿಫ್ಟ್ ಹತ್ತಿದಳು. ಈವರೆಗೆ ಆ ವಿಷಯ ಎತ್ತಿಲ್ಲ. ಅದೇ ನನ್ನ ಭಯ.

ಇಷ್ಟು ಜನ ಹತ್ತಿದ್ದಾರಲ್ಲ ಎಂದು ಗಾಡಿಯನ್ನು ಬೇಸ್‌ಮೆಂಟಿನಲ್ಲೇ ಒಂದು ಸುತ್ತು ಹೊಡೆಸಿದೆ. ದಿನಾ ನನ್ನ ಹಲ್ಲು ಕಟಕಟ ಎನ್ನಿಸುತ್ತಿದ್ದ ಹಂಪ್ ಬೆಣ್ಣೆಯಂತೆ ದಾಟಿತು. ಎಂಜಿನಿಯರರು ಮಂಕಿ ಕ್ಯಾಪ್ ತೆಗೆದು ತೀರ್ಪು ಕೊಟ್ಟರು: "ಭಾರ ಹೊರೋದು ಕಮಾನು ಪಟ್ಟಿ. ಶಾಕ್ ಒಳಗಿನ ಎಣ್ಣೆ ಸಣ್ಣ ತೂತಿನಲ್ಲಿ ನುಗ್ಗಿ ಬಿಸಿಯಾಗುತ್ತಾ ಕುಣಿತ ನಿಲ್ಲಿಸುತ್ತೆ, ಅಷ್ಟೆ. ನಿಮ್ಮ ಪಟ್ಟಿ ಮಾಡಿರೋದು ನೂರಾರು ಕಿಲೋಗೆ. ಖಾಲಿ ಇದ್ರೆ ಬಗ್ಗೋದೇ ಇಲ್ಲ, ನಿಮ್ಮನ್ನ ಎಸೆಯುತ್ತೆ. ಗಾಡಿ ಕೆಟ್ಟಿಲ್ಲ ಸ್ವಾಮಿ. ಗಾಡಿಗೆ ಕೆಲಸ ಇಲ್ಲ."

ಆಗ ನೆನಪಾಯಿತು. ಕಳೆದ ಸಲ ತೋಟದಲ್ಲಿ ಮಳೆ ಹಿಡಿದಾಗ, ಮೇಲಿನ ಪಟ್ಟೆಯಲ್ಲಿ ಹಣ್ಣು ಕುಯ್ಯುತ್ತಿದ್ದ ಹೆಂಗಸರನ್ನು ಲೈನ್ ಮನೆಗೆ ಬಿಡಲು ಭಾವ ಹೇಳಿದ್ದರು. ಗೊಪ್ಪೆ ಹೊದ್ದು ಎಂಟು ಜನ ಹಿಂದೆ ನಿಂತರು. ಇಳಿಯುವಾಗ ಒಬ್ಬಾಕೆ, "ನಿಮ್ಮ ಗಾಡಿ ಮೆತ್ತಗಿದೆ ಸಾರ್" ಎಂದಿದ್ದಳು. ಸಂಕೋಚಕ್ಕೆ ಹೇಳಿದಳೆಂದುಕೊಂಡಿದ್ದೆ. ಅದು ಲೆಕ್ಕ ಎಂದು ಈಗ ತಿಳಿಯಿತು. ಆಕೆ ದಿನಾ ಬೆಳಗ್ಗೆ ಇನ್ನೊಬ್ಬರ ಹೆಗಲು ಹಿಡಿದು ಇಂಥದೇ ಗಾಡಿಗಳಲ್ಲಿ ನಿಂತು ಬರುವವಳು. ಆಕೆಯ ಸೊಂಟಕ್ಕೆ ಯಾರೂ ಒಂದೂವರೆ ಲಕ್ಷದ ಕೊಟೇಶನ್ ಕೊಟ್ಟಿಲ್ಲ.

ಸಸ್ಪೆನ್ಷನ್ ಕಿಟ್ ಕೊಳ್ಳಲಿಲ್ಲ. ಸವೆದಿದ್ದ ಬುಷ್ ಬದಲಾಯಿಸಿದೆ. ತೋಟದ ದಾರಿ ಸಿಕ್ಕಾಗ ಟಯರಿನ ಗಾಳಿ ಸ್ವಲ್ಪ ಇಳಿಸುತ್ತೇನೆ, ಡಾಂಬರು ಬಂದಾಗ ಪಂಪಿನಲ್ಲಿ ಮತ್ತೆ ತುಂಬುತ್ತೇನೆ. ಮೂಡಿಗೆರೆಯಲ್ಲಿ ಭಾವನಿಗೆಂದು 50 ಕಿಲೋದ ಆರು ಮೂಟೆ ಗೊಬ್ಬರ ಹೇರಿಕೊಂಡೆ. ಗಾಡಿ ತೊಟ್ಟಿಲಿನಂತೆ ಹೋಯಿತು.

ಅತ್ತೆ ಬಸ್ಸಿನಲ್ಲಿ ಬಂದರು.