ಆಟ ರೈಸಿತೋ, ಚಪ್ಪೆಯೋ?

ಕಥೆಯ ಕೊನೆಯನ್ನು ಮೊದಲೇ ಹೇಳಿಬಿಟ್ಟರೆ ಜಗಳಕ್ಕೇ ಬರುವ ಜನ ಈಗ ಹೆಚ್ಚಾಗಿದ್ದಾರೆ. ‘ಸ್ಪಾಯ್ಲರ್ ಬೇಡ, ಸ್ಪಾಯ್ಲರ್ ಬೇಡ’ ಎಂದು ಕಿವಿ ಮುಚ್ಚಿಕೊಂಡು ಓಡುತ್ತಾರೆ. ನಮ್ಮ ಉಡುಪಿ ಕಡೆಗೆ ಈ ಕಾಯಿಲೆ ಬಂದದ್ದು ತಡವಾಗಿ. ಕರ್ಣ ಸಾಯುತ್ತಾನೆ, ದುರ್ಯೋಧನನ ತೊಡೆ ಮುರಿಯುತ್ತದೆ, ಮಹಿಷಾಸುರನನ್ನು ದೇವಿ ಕೊಲ್ಲುತ್ತಾಳೆ. ಇಷ್ಟೂ ಗೊತ್ತಿರುವವರೇ ಯಕ್ಷಗಾನದ ಆಟ ನಡೆಯುವ ಗದ್ದೆಯಲ್ಲಿ ಚಾಪೆ ಹಾಸಿ ಕೂತಿರುತ್ತಾರೆ. ಕಟೀಲು ಮೇಳದ ‘ದೇವಿ ಮಹಾತ್ಮೆ’ಗೆ ಮೂವತ್ತನೆಯ ಸಲ ಹೋಗುವವನು ಈ ಸಲವಾದರೂ ಮಹಿಷಾಸುರ ಗೆದ್ದಾನೆಂಬ ಆಸೆಯಿಂದ ಹೋಗುವುದಿಲ್ಲ. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಕೇಳುವ ಪ್ರಶ್ನೆ ‘ಆಟ ಹೇಗಾಯಿತು?’ ಎಂಬುದೊಂದೇ. ಅದಕ್ಕಿರುವ ಉತ್ತರಗಳೂ ಮೂರೇ: ರೈಸಿತು, ಅಡ್ಡಿಲ್ಲ, ಚಪ್ಪೆ.

ಇಂಥ ನೆಮ್ಮದಿಯ ಸೀಮೆಗೆ ಮಣಿಪಾಲದಿಂದ ಒಂದು ಎಕ್ಸೆಲ್ ಹಾಳೆ ಬಂತು. ತಂದವನು ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ. ರಜೆಗೆ ಕಾರ್ಕಳದ ಮನೆಗೆ ಬಂದವನು ಬಟ್ಟೆಯ ಗಂಟನ್ನು ಅಮ್ಮನೆದುರು ಸುರಿದು ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿದ. ಅವನು ಆ ಹಾಳೆಯಲ್ಲಿ ಅಂಕ ಹಾಕುತ್ತಿದ್ದದ್ದು ‘ಸ್ಟಾರ್ ವಾರ್ಸ್: ದಿ ಕ್ಲೋನ್ ವಾರ್ಸ್’ ಎಂಬ ಅನಿಮೇಶನ್ ಧಾರಾವಾಹಿಗೆ. 2008ರ ಅಕ್ಟೋಬರಿನಲ್ಲಿ ಕಾರ್ಟೂನ್ ನೆಟ್‌ವರ್ಕಿನಲ್ಲಿ ಶುರುವಾಗಿ, 2013ರಲ್ಲಿ ಮೇಳ ಮುಚ್ಚಿ, 2014ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಒಮ್ಮೆ ತಲೆಯೆತ್ತಿ, ಕೊನೆಗೆ 2020ರ ಮೇ 4ರಂದು ಡಿಸ್ನಿ ಪ್ಲಸ್ಸಿನಲ್ಲಿ ಮಂಗಳ ಹಾಡಿದ 133 ಕಂತುಗಳ ಸರಕು ಅದು. ಮೂರು-ನಾಲ್ಕು ಕಂತು ಸೇರಿದರೆ ಒಂದು ಕಥೆ. ಇವನು ಅದಕ್ಕೆ ‘ಆರ್ಕ್’ ಎನ್ನುತ್ತಾನೆ. ಒಂದಕ್ಕೆ 8.7, ಇನ್ನೊಂದಕ್ಕೆ 6.4. ಜಿಪಿಎ ನೋಡಿ ನೋಡಿ ಕಣ್ಣು ಕೆಟ್ಟ ಮಕ್ಕಳಿಗೆ ಪಾಯಿಂಟಿನ ಮುಂದೆ ಒಂದು ಅಂಕಿ ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ. 8.7ಕ್ಕೂ 8.6ಕ್ಕೂ ಏನು ವ್ಯತ್ಯಾಸ ಮಾರಾಯ ಎಂದು ಕೇಳಿದರೆ, ‘ಅದು ಫೀಲ್ ಆಗಬೇಕು ಮಾವ’ ಎಂದ.

ಕಾಪುವಿನಿಂದ ನನ್ನ ಮಾವ, ಅಂದರೆ ಇವನ ಅಜ್ಜ, ಅದೇ ವಾರ ಶಿರ್ವ, ಬೆಳ್ಮಣ್ಣಿನ ಬಸ್ಸು ಹಿಡಿದು ಅತ್ತೆಯೊಂದಿಗೆ ಬಂದಿಳಿಯದಿದ್ದರೆ ಈ ಹಾಳೆ ಲ್ಯಾಪ್‌ಟಾಪಿನಲ್ಲೇ ತಣ್ಣಗೆ ಉಳಿಯುತ್ತಿತ್ತು. ಮಾವನವರು ತೆಂಕು, ಬಡಗು ಎರಡೂ ತಿಟ್ಟಿನ ಆಟಗಳನ್ನು ಅರೆದು ಕುಡಿದವರು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದರೆ ದೀಪಾವಳಿ ಕಳೆಯುವ ತನಕ ಅವರ ಮುಖದಲ್ಲಿ ಕಳೆಯಿರುವುದಿಲ್ಲ. ಮಳೆಗಾಲದ ತಾಳಮದ್ದಳೆಗಾದರೂ ಹೋಗೋಣವೆಂದರೆ ಮೊಣಕಾಲು ಕೇಳುವುದಿಲ್ಲ. ಕಾರ್ಕಳದ ಮಳೆ ಹೆಂಚಿನ ಮೇಲೆ ಚೆಂಡೆ ಬಾರಿಸುತ್ತಿರುವಾಗ ಟಿವಿಯಲ್ಲಿ ಏನು ಬಂದರೂ ನೋಡುವ ಸ್ಥಿತಿ ಅವರದು.

‘ಎಂತದು ಇದು?’

‘ಯುದ್ಧದ ಕಥೆ ಅಜ್ಜ. ಅನಾಕಿನ್ ಅಂತ ಒಬ್ಬ ಇದ್ದಾನೆ. ಭಾರೀ ಶೂರ, ಒಳ್ಳೆಯವನು. ಆದರೆ ಕೊನೆಗೆ ಕೆಟ್ಟವರ ಕಡೆ ಹೋಗ್ತಾನೆ. ಅದು 2005ರ ಸಿನಿಮಾದಲ್ಲೇ ಬಂದಾಗಿದೆ. ಇದು ಅದಕ್ಕಿಂತ ಮೊದಲು ನಡೆದದ್ದು.’

‘ಅಂದರೆ ಕೊನೆ ಎಲ್ಲರಿಗೂ ಗೊತ್ತುಂಟು?’

‘ಹೌದು.’

‘ಹಾಗಾದರೆ ಹಾಕು.’

ಈ ಧಾರಾವಾಹಿಯ ಮರ್ಮವನ್ನು ಅವರು ಒಂದು ಕಂತನ್ನೂ ನೋಡದೆ ಹಿಡಿದರು. ಜೆಡಿಗಳೆಂಬ ಯೋಧರು ಸಾಯುವವರು, ಅವರ ಸೈನಿಕರೇ ಅವರನ್ನು ಕೊಲ್ಲುವವರು ಎಂಬುದು ಮೊದಲೇ ಗೊತ್ತಿದ್ದೂ ಜನ ಏಳು ಸೀಸನ್ ಕೂತು ನೋಡಿದರು, ಮುಗಿದ ಮೇಲೆ ಮತ್ತೆ ಮೊದಲಿನಿಂದ ನೋಡುತ್ತಿದ್ದಾರೆ. ನಮ್ಮವರು ಶತಮಾನಗಳಿಂದ ಮಾಡುತ್ತಿರುವುದನ್ನೇ ಇವರು ‘ರೀವಾಚ್’ ಎಂಬ ಹೆಸರಿನಲ್ಲಿ ಹೊಸದಾಗಿ ಕಂಡುಹಿಡಿದಿದ್ದಾರೆ.

ಮೊದಲ ಜಗಳ ಕ್ರಮದ ಬಗ್ಗೆ. ಈ ಕಂತುಗಳು ಪ್ರಸಾರವಾದದ್ದು ಕಥೆಯ ಕಾಲಕ್ರಮದಲ್ಲಿ ಅಲ್ಲ. ಸರಿಯಾಗಿ ನೋಡಬೇಕಾದರೆ ಎರಡನೆಯ ಸೀಸನ್ನಿನ 16ನೆಯ ಕಂತು ಮೊದಲು, ಆಮೇಲೆ ಮೊದಲ ಸೀಸನ್ನಿನ 16ನೆಯದು, ಆಮೇಲೆ 2008ರ ಸಿನಿಮಾ, ಆಮೇಲೆ ಮೂರನೆಯ ಸೀಸನ್ನಿನ ಮೊದಲ ಕಂತು. ಹುಡುಗ ಇದನ್ನು ರೈಲ್ವೆ ವೇಳಾಪಟ್ಟಿಯ ಹಾಗೆ ಬಾಯಿಪಾಠ ಹೇಳಿದ. ಮಾವ ಕೈಯೆತ್ತಿ ತಡೆದರು. ‘ಶುಕ್ರವಾರ ಪೆರ್ಡೂರಿನಲ್ಲಿ ಸತ್ತ ಕರ್ಣ ಶನಿವಾರ ಹೆಬ್ರಿಯಲ್ಲಿ ಎದ್ದು ಸಂಧಾನಕ್ಕೆ ಬಂದು ಕೂರ್ತಾನೆ. ನಾವೇನಾದರೂ ಕೇಳಿದ್ದೇವಾ? ಬಂದ ಹಾಗೆ ಹಾಕು ಮಾರಾಯ.’

ಹಾಗೆ ಬಂದ ಹಾಗೆ ನೋಡಿದ್ದರಿಂದಲೇ ಒಂದು ಲಾಭವಾಯಿತು. ಮೊದಲ ಸೀಸನ್ನಿನ ‘ರೂಕೀಸ್’ ಕಂತಿನಲ್ಲಿ ಐದು ಮಂದಿ ಎಳೆಯ ಸೈನಿಕರು ಒಂದು ಒಂಟಿ ಠಾಣೆಯನ್ನು ಕಾಯುತ್ತಿರುತ್ತಾರೆ. ಎಲ್ಲರೂ ಕ್ಲೋನ್‌ಗಳು, ಎಲ್ಲರದ್ದೂ ಒಂದೇ ಮುಖ. ಕಂತು ಮುಗಿಯುವಷ್ಟರಲ್ಲಿ ಮೂವರು ಸತ್ತಿರುತ್ತಾರೆ. ಅವರಲ್ಲಿ ಹೆವಿ ಎಂಬವನು ಠಾಣೆಯ ಸಮೇತ ತನ್ನನ್ನೂ ಸ್ಫೋಟಿಸಿಕೊಳ್ಳುತ್ತಾನೆ. ಮಾವನ ತೀರ್ಪು: ಅಡ್ಡಿಲ್ಲ. ಎರಡು ವರ್ಷ ಕಳೆದು ಬಂದ ಮೂರನೆಯ ಸೀಸನ್ನಿನ ಮೊದಲ ಕಂತಿನಲ್ಲಿ ಇದೇ ಐವರು ತರಬೇತಿ ಶಾಲೆಯಲ್ಲಿ ಫೇಲಾಗುತ್ತಾ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾ ಕಾಣಿಸಿಕೊಂಡರು. ಮೇಳಕ್ಕೆ ಹೊಸದಾಗಿ ಸೇರಿ ಕೋಡಂಗಿ ವೇಷ ಕಟ್ಟುವ ಹುಡುಗರ ಹಾಗೆ ತಾಳ ತಪ್ಪಿ ಕುಣಿಯುತ್ತಿದ್ದರು. ಮಾವ ಸ್ವಲ್ಪ ಹೊತ್ತು ನೋಡಿ, ‘ಇವ ಸಾಯುವವ ಅಲ್ಲವಾ?’ ಎಂದರು. ‘ಹೌದಜ್ಜ.’ ‘ಆ ಮೊದಲಿನದ್ದಕ್ಕೆ ಎಷ್ಟು ಹಾಕಿದ್ದಿ? ಅದನ್ನು ಏರಿಸು.’

ನನಗೂ ಅಷ್ಟೇ ಹೇಳುವುದಿರುವುದು. ಮೊದಲ ಸಲ ನೋಡಿ ಕೊಟ್ಟ ಅಂಕ ಬರೇ ಕುತೂಹಲದ್ದು. ಎರಡನೆಯ ಸಲ ಏರುವ ಕಥೆ ಯಾವುದು, ಇಳಿಯುವ ಕಥೆ ಯಾವುದು ಎಂದು ನೋಡಬೇಕು. ಉದಾಹರಣೆಗೆ ‘ಮಾರ್ಟಿಸ್’ ಎಂಬ ಮೂರು ಕಂತಿನ ಕಥೆ. ತಂದೆ, ಮಗ, ಮಗಳು ಎಂಬ ಮೂರು ದೈವಸಮಾನ ಜೀವಿಗಳು, ಬೆಳಕು, ಕತ್ತಲೆ, ಅನಾಕಿನನಿಗೆ ಅವನ ಮುಂದಿನ ಬಾಳನ್ನು ತೋರಿಸಿ ಮತ್ತೆ ಮರೆಸುವುದು. ಹುಡುಗರ ಲೋಕದಲ್ಲಿ ಇದಕ್ಕೆ ಪೂಜೆಯೇ ನಡೆಯುತ್ತದೆ. ಮೊದಲ ಸಲ ನೋಡಿದಾಗ ನನಗೂ ಮೈ ಜುಂ ಎಂದಿತ್ತು. ಎರಡನೆಯ ಸಲ ನೋಡಿದರೆ ಒಗಟು ಬಿಡಿಸಿಯಾದ ಮೇಲೆ ಉಳಿದದ್ದು ಮೂರು ಜನರ ದೊಡ್ಡ ದೊಡ್ಡ ಮಾತು. ‘ಅರ್ಥ ಹೆಚ್ಚಾಯಿತು, ಆಟ ಕಮ್ಮಿ,’ ಎಂದು ಮಾವ ಗೋಳಿಬಜೆಯ ಕಡೆ ತಿರುಗಿದರು. ಹುಡುಗನ 9.3 ಅಲುಗಲಿಲ್ಲ. ಅವನು ಆ ರಾತ್ರಿ ಯಾರೊಂದಿಗೂ ಮಾತಾಡಲಿಲ್ಲ.

ಅವನಿಗೆ ಇನ್ನೂ ದೊಡ್ಡ ಏಟು ಐದನೆಯ ಸೀಸನ್ನಿನಲ್ಲಿ ಕಾದಿತ್ತು. ಅಲ್ಲಿ ನಾಲ್ಕು ಕಂತು ಪೂರ್ತಿ ಡ್ರಾಯ್ಡ್‌ಗಳ ಕಥೆ. ಗ್ಯಾಸ್ಕನ್ ಎಂಬ ಕಪ್ಪೆ ಗಾತ್ರದ ಕರ್ನಲ್ ಒಬ್ಬ ಜಂಬ ಕೊಚ್ಚಿಕೊಳ್ಳುತ್ತಾ ಯಂತ್ರಗಳ ದಂಡು ಕಟ್ಟಿಕೊಂಡು ಹೊರಡುತ್ತಾನೆ. ಒಂದು ಕಂತಿನಲ್ಲಂತೂ ಗುಡ್ಡವಿಲ್ಲ, ಮರವಿಲ್ಲ, ಎತ್ತ ನೋಡಿದರೂ ಬರಿದಾದ ಬಯಲಿನಲ್ಲಿ ನಡೆಯುವುದೇ ಕೆಲಸ. ಹುಡುಗ 3 ಕೊಟ್ಟು, ‘ಇದನ್ನು ದಾಟಿಸಿಬಿಡ್ತೇನೆ ಅಜ್ಜ’ ಎಂದ. ಮಾವ ರಿಮೋಟು ಕಸಿದುಕೊಂಡರು. ನಾಲ್ಕೂ ಕಂತು ನೋಡಿದರು, ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ಅವರ ವಾದ ಹೀಗಿತ್ತು: ರಾತ್ರಿ ಎರಡು ಗಂಟೆಗೆ ರಂಗಕ್ಕೆ ಬಂದು ಮಲಗಿದವರನ್ನು ಎಬ್ಬಿಸುವವನು ಹಾಸ್ಯಗಾರ. ದೂತನ ವೇಷವೂ ಅವನದ್ದೇ, ಅರಸನ ಎದುರು ನಿಂತು ಅರಸನನ್ನೇ ಗೇಲಿ ಮಾಡುವ ಅಧಿಕಾರವೂ ಅವನದ್ದೇ. ಅವನಿಲ್ಲದ ಮೇಳ ಬೆಳಗು ಮಾಡುವುದಿಲ್ಲ. ‘ರೋಜರ್, ರೋಜರ್’ ಎಂದು ಪೆದ್ದುಪೆದ್ದಾಗಿ ಗುಂಡಿಗೆ ಎದೆ ಕೊಡುವ ಶತ್ರು ಪಕ್ಷದ ಡ್ರಾಯ್ಡ್‌ಗಳಿಗೂ ಮಾವನ ಲೆಕ್ಕದಲ್ಲಿ ಒಳ್ಳೆಯ ದರ್ಜೆಯೇ. ನಾನು ಇಲ್ಲಿ ಹುಡುಗನ ಪಕ್ಷ. ಆ ಬಯಲಿನ ಕಂತು ಚಪ್ಪೆಯೇ. ಹಾಸ್ಯಗಾರ ಬಂದದ್ದು ಸರಿ, ಅವನು ಹೋಗುವುದನ್ನು ಮರೆತರೆ ಹೇಗೆ?

ಭಾಗವತಿಕೆಯ ಬಗ್ಗೆಯೂ ಮಾವನದ್ದು ತಕರಾರಿತ್ತು. ಹೆಚ್ಚುಕಡಿಮೆ ಪ್ರತಿ ಕಂತಿನ ಮೊದಲಿಗೆ ಟಾಮ್ ಕೇನ್ ಎಂಬವರ ಗಟ್ಟಿ ದನಿ ಹಿಂದಿನ ಕಥೆಯನ್ನು ಗಡಿಬಿಡಿಯಲ್ಲಿ ಹೇಳುತ್ತದೆ, ಎರಡನೆಯ ಮಹಾಯುದ್ಧದ ಕಾಲದ ವಾರ್ತಾಚಿತ್ರಗಳ ಧಾಟಿಯಲ್ಲಿ. ‘ಪದ್ಯ ಹೇಳು ಅಂದರೆ ವಾರ್ತೆ ಓದ್ತಾನೆ,’ ಎಂದರು. ಭಾಗವತ ಕಾಳಿಂಗ ನಾವಡರನ್ನು ಕೇಳಿದ ಕಿವಿಗೆ ಇದು ಹಿಡಿಸದಿದ್ದರೆ ತಪ್ಪೇನಿಲ್ಲ. ನಾವಡರು ತೀರಿಕೊಂಡದ್ದು 1990ರಲ್ಲಿ. ಮಾವನ ಅಂಕಪಟ್ಟಿಯಲ್ಲಿ ಅಲ್ಲಿಂದೀಚೆಗೆ ಭಾಗವತಿಕೆಯ ಕಾಲಂ ಖಾಲಿ.

ಇನ್ನು ಉಂಬಾರಾ ಎಂಬ ಕಥೆಗೆ ಬರುತ್ತೇನೆ. ನಾಲ್ಕನೆಯ ಸೀಸನ್ನಿನ ನಡುವಿನ ನಾಲ್ಕು ಕಂತುಗಳು. ಬೆಳಕೇ ಇಲ್ಲದ ಗ್ರಹ, ಮಂಜು, ಯುದ್ಧ. ಅನಾಕಿನನ್ನು ರಾಜಧಾನಿಗೆ ಕರೆಸಿಕೊಂಡು ಅವನ ದಂಡನ್ನು ಕ್ರೆಲ್ ಎಂಬ ನಾಲ್ಕು ಕೈಯ ಜೆಡಿ ಸೇನಾಪತಿಗೆ ಒಪ್ಪಿಸುತ್ತಾರೆ. ಅವನು ಸೈನಿಕರನ್ನು ಹೆಸರಿನಿಂದ ಕರೆಯುವುದಿಲ್ಲ, ನಂಬರಿನಿಂದ ಕರೆಯುತ್ತಾನೆ. ಬೇಕೆಂದೇ ಸಾಯುವ ದಾರಿಗೆ ನೂಕುತ್ತಾನೆ. ಮೊದಲ ಕಂತು ಮುಗಿಯುವ ಮೊದಲೇ ಮಾವ ಬೆರಳು ತೋರಿಸಿ, ‘ಇವ ಶಲ್ಯ!’ ಎಂದರು. ಕರ್ಣನ ರಥದ ಮೇಲೆ ಕೂತು ಕರ್ಣನನ್ನೇ ಕುಗ್ಗಿಸುವ ಸಾರಥಿ. ಕ್ರೆಲ್ ಒಳಗಿನ ಶತ್ರು ಎಂಬುದು ನಾಲ್ಕನೆಯ ಕಂತಿಗೆ ಬಯಲಾಗುವ ಗುಟ್ಟು. ‘ಕರ್ಣಪರ್ವ’ ನೋಡಿದವರಿಗೆ ಅದು ಪ್ರವೇಶದಲ್ಲೇ ಗೊತ್ತಾಗುತ್ತದೆ. ಹುಡುಗನ ಮುಖ ನೋಡಬೇಕಿತ್ತು.

ಕೊನೆಗೆ ಕ್ರೆಲ್ ಎರಡು ದಳಗಳಿಗೂ ಒಂದೇ ಸುಳ್ಳು ಹೇಳುತ್ತಾನೆ: ಶತ್ರುಗಳು ನಿಮ್ಮ ಕವಚ ತೊಟ್ಟು ಬರುತ್ತಿದ್ದಾರೆ, ಕೊಲ್ಲಿ. ಕತ್ತಲಲ್ಲಿ ಎರಡೂ ಕಡೆಯವರು ಸುಡುತ್ತಾರೆ. ಕ್ಯಾಪ್ಟನ್ ರೆಕ್ಸ್ ಬಿದ್ದವನೊಬ್ಬನ ಶಿರಸ್ತ್ರಾಣ ತೆಗೆಯುತ್ತಾನೆ. ಒಳಗಿರುವುದು ತನ್ನದೇ ಮುಖ. ಅವನು ಎರಡು ದಳಗಳ ನಡುವೆ ಓಡುತ್ತಾ ‘ನಿಲ್ಲಿಸಿ’ ಎಂದು ಕೂಗುವಾಗ ನಮ್ಮ ಮನೆಯಲ್ಲಿ ಮಳೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಎದುರಿನ ದಳವನ್ನು ಮುನ್ನಡೆಸಿದವನು ವ್ಯಾಕ್ಸರ್. ಮೊದಲ ಸೀಸನ್ನಿನ ರೈಲಾತ್ ಕಥೆಯಲ್ಲಿ ಯುದ್ಧದ ನಡುವೆ ಅನಾಥಳಾದ ಪುಟ್ಟ ಹುಡುಗಿಯೊಬ್ಬಳನ್ನು ಎತ್ತಿಕೊಂಡು ತಿರುಗಿದ್ದವನು. ತನ್ನ ಶಿರಸ್ತ್ರಾಣದ ಮೇಲೆ ಆ ಮಗುವಿನ ಚಿತ್ರ ಬರೆಸಿಕೊಂಡಿರುತ್ತಾನೆ. ಮೊದಲ ಸಲ ನೋಡುವವರಿಗೆ ಅದು ಕಣ್ಣಿಗೂ ಬೀಳುವುದಿಲ್ಲ. ಅವನು ಸಾಯುತ್ತಾನೆಂದು ಗೊತ್ತಿದ್ದು ಮತ್ತೊಮ್ಮೆ ರೈಲಾತ್ ನೋಡಿದರೆ, ಆ ಸಾಧಾರಣ ಕಥೆ ತಾನಾಗಿ ಎರಡು ಮೆಟ್ಟಿಲು ಮೇಲೇರುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಮಾವನಿಗೆ ಆಮೇಲೆ ತಿಳಿಯಿತು. ಇಷ್ಟೂ ಕ್ಲೋನ್‌ಗಳಿಗೆ ದನಿ ಕೊಟ್ಟದ್ದು ಡೀ ಬ್ರಾಡ್ಲಿ ಬೇಕರ್ ಎಂಬ ಒಬ್ಬನೇ ವ್ಯಕ್ತಿ. ರೆಕ್ಸ್‌ನ ತಾಳ್ಮೆ, ಫೈವ್ಸ್‌ನ ಸಿಟ್ಟು, ಡಾಗ್ಮಾ ಎಂಬವನ ಕುರುಡು ನಿಯತ್ತು, ಎಲ್ಲ ಒಂದೇ ಗಂಟಲಿನಿಂದ. ಒಂದೇ ದೃಶ್ಯದಲ್ಲಿ ಐದು ಜನ ವಾದ ಮಾಡುತ್ತಾರೆ, ಐವರೂ ಅವನೇ. ಮಾವ ಎದ್ದು ಕೂತರು. ತಾಳಮದ್ದಳೆಯಲ್ಲಿ ಶೇಣಿಯವರನ್ನು, ಮಲ್ಪೆ ಸಾಮಗರನ್ನು ಕೇಳಿದವರು ಅವರು. ಎದುರು ಅರ್ಥಧಾರಿ ಬಿಸಿಯಿದ್ದರೆ ಮಾತು ಹೇಗೆ ಕಾವೇರುತ್ತದೆಂದು ಬಲ್ಲವರು. ‘ಎದುರು ಅರ್ಥವೂ ಇವನದ್ದೇಯಾ? ಮತ್ತೊಮ್ಮೆ ಹಾಕು, ಕಣ್ಣು ಮುಚ್ಚಿ ಕೇಳ್ತೇನೆ.’ ಹಾಗೆ ಉಂಬಾರಾ ನಮ್ಮ ಮನೆಯಲ್ಲಿ ತಾಳಮದ್ದಳೆಯಾಗಿ ಇನ್ನೊಮ್ಮೆ ನಡೆಯಿತು. ಅಕ್ಕ ತಂದಿಟ್ಟ ಚಹಾ ಕೆನೆಗಟ್ಟಿತು. ಇದರ ಒಂದು ಕಂತನ್ನು ನಿರ್ದೇಶಿಸಿದ್ದು ‘ಅಪೊಕಾಲಿಪ್ಸ್ ನೌ’ ಸಿನಿಮಾದ ಧ್ವನಿ ವಿನ್ಯಾಸಕಾರ ವಾಲ್ಟರ್ ಮರ್ಚ್ ಎಂದು ಹುಡುಗ ಹೆಮ್ಮೆಯಿಂದ ಹೇಳಿದ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅತ್ತೆಯನ್ನು ಬಿಟ್ಟರೆ ಕಥೆ ಪೂರ್ತಿಯಾಗುವುದಿಲ್ಲ. ಬೆಳ್ಮಣ್ಣು ದಾಟಿದ ಮೇಲೆ ಹತ್ತಿರದಲ್ಲೇ ನಂದಳಿಕೆ, ಮುದ್ದಣನ ಊರು. 1870ರಿಂದ 1901, ಮೂವತ್ತೊಂದು ವರ್ಷದ ಆಯುಸ್ಸಿನಲ್ಲಿ ‘ರತ್ನಾವತೀ ಕಲ್ಯಾಣ’, ‘ಕುಮಾರ ವಿಜಯ’ದಂಥ ಪ್ರಸಂಗಗಳನ್ನೂ ಬರೆದ, ‘ಶ್ರೀರಾಮಾಶ್ವಮೇಧ’ದಲ್ಲಿ ಕಥೆ ಹೇಳುವ ಗಂಡನ ಮಾತಿಗೆ ಹೆಜ್ಜೆಹೆಜ್ಜೆಗೂ ಅಡ್ಡ ಬಾಯಿ ಹಾಕುವ ಮನೋರಮೆಯನ್ನೂ ಕೊಟ್ಟ. ಆ ಮನೋರಮೆಯ ವಂಶ ನಮ್ಮ ಕಡೆ ಇನ್ನೂ ಉಂಟು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಪತ್ರೊಡೆಯ ಎಲೆ ಹಿಡಿದು ನಿಂತೇ 133 ಕಂತುಗಳಲ್ಲಿ ಮುಕ್ಕಾಲು ಪಾಲು ನೋಡಿದರು. ‘ಆ ಹುಡುಗಿಗೆ ಹದಿನಾಲ್ಕು ವರ್ಷ. ಯುದ್ಧಕ್ಕೆ ಕಳಿಸಿದವರು ಯಾರು? ಮನೆಯವರಿಲ್ಲವಾ?’ ಅನಾಕಿನನ ಶಿಷ್ಯೆ ಆಸೋಕಾ ಬಗ್ಗೆ ಇಂಥ ಪ್ರಶ್ನೆ ಇಂಟರ್ನೆಟ್ಟಿನ ಪಂಡಿತರೂ ಕೇಳಲಿಕ್ಕಿಲ್ಲ. ಐದನೆಯ ಸೀಸನ್ನಿನ ಕೊನೆಯ ಕಥೆಯಲ್ಲಿ ಮಾಡದ ತಪ್ಪಿಗೆ ಆಸೋಕಾಳನ್ನು ಹೊರಹಾಕಿ, ನಿಜ ತಿಳಿದ ಮೇಲೆ ಜೆಡಿ ಹಿರಿಯರು ‘ಇದು ನಿನಗೊದಗಿದ ದೊಡ್ಡ ಪರೀಕ್ಷೆ’ ಎಂಬ ಧಾಟಿಯಲ್ಲಿ ವಾಪಸು ಕರೆಯುತ್ತಾರೆ. ಅತ್ತೆ ಕೆರಳಿದರು. ‘ತಪ್ಪು ಇವರದ್ದು, ಪರೀಕ್ಷೆ ಅವಳಿಗಾ? ಹೋಗಬೇಡ ಮಗಾ!’ ಅವಳು ಹೋಗಲಿಲ್ಲ. ಮೆಟ್ಟಿಲಿಳಿದು ಹೊರಟೇಹೋದಳು. ಅತ್ತೆಯ ಹತ್ತಕ್ಕೆ ಹತ್ತು ಅದಕ್ಕೆ. ಬಾಂಬು ಇಟ್ಟದ್ದು ಯಾರೆಂಬ ಪತ್ತೇದಾರಿ ಎರಡನೆಯ ನೋಟಕ್ಕೆ ಸಪ್ಪೆಯಾಗುತ್ತದೆ, ಆದರೆ ಈ ಸಭೆಯ ದೃಶ್ಯ ಮತ್ತಷ್ಟು ಖಾರವಾಗುತ್ತದೆ.

ಕೊನೆಯ ನಾಲ್ಕು ಕಂತಿನ ‘ಮ್ಯಾಂಡಲೋರಿನ ಮುತ್ತಿಗೆ’ ಲೋಕಮಾನ್ಯವಾದದ್ದು, ನಾನೇನು ಹೇಳಬೇಕು? ಕೆಂಪು-ಕಪ್ಪು ಮುಖ, ತಲೆ ತುಂಬ ಕೊಂಬು ಹೊತ್ತ ಮಾಲ್ ಬಂದಾಗ ಮಾವ ‘ಬಣ್ಣದ ವೇಷ!’ ಎಂದು ಕೂಗಿದರು. ಚುಟ್ಟಿ ಇಟ್ಟಿಲ್ಲ, ದೊಂದಿ ಇಲ್ಲ, ರಾಳದ ಪುಡಿ ಇಲ್ಲ, ಸಭೆಯ ನಡುವಿನಿಂದ ಅಬ್ಬರಿಸಿ ಬರಲೂ ಇಲ್ಲ, ಆದರೂ ವೇಷ ತುಂಬಿತು ಎಂಬುದು ತೀರ್ಪು. ಮಾಲ್‌ನ ಕಾಳಗದ ಹೆಜ್ಜೆಗಳನ್ನು 1999ರ ಸಿನಿಮಾದಲ್ಲಿ ಮಾಲ್ ಆಗಿದ್ದ ರೇ ಪಾರ್ಕನೇ ನಡೆದುಕೊಟ್ಟದ್ದು, ಅದನ್ನೇ ಅನಿಮೇಶನ್ನಿಗೆ ಇಳಿಸಿದ್ದು. ‘ಹಾಗೆ ಹೇಳು. ಕಾಲು ಸುಳ್ಳು ಹೇಳುವುದಿಲ್ಲ,’ ಎಂದರು ಮಾವ.

ಹುಡುಗನ ಹಾಳೆಯಲ್ಲಿ ಈಗ ಮ್ಯಾಂಡಲೋರ್ 9.8, ಉಂಬಾರಾ 9.7. ನನ್ನ ಲೆಕ್ಕದಲ್ಲಿ ಅದು ತಿರುಗುಮುರುಗಾಗಬೇಕು, ಮಾವನ ಲೆಕ್ಕದಲ್ಲಿ ಎರಡೂ ‘ರೈಸಿತು’. ಡ್ರಾಯ್ಡ್‌ಗಳ ಕಥೆ 3ರಿಂದ 3.5ಕ್ಕೆ ಏರಿದೆ. ಹಿರಿಯರ ಮುಖ ನೋಡಿ ಕೊಟ್ಟ ಗ್ರೇಸ್ ಮಾರ್ಕು. ದೀಪಾವಳಿಗೆ ಇನ್ನೂ ದಿನವಿತ್ತು. ‘ಇನ್ನು ಯಾವ ಮೇಳ ಉಂಟು?’ ಎಂದು ಮಾವ ಕೇಳಿದರು. ಹುಡುಗ ‘ರೆಬೆಲ್ಸ್’ ಎಂಬ ಇನ್ನೊಂದು ಧಾರಾವಾಹಿಯ ಹೆಸರು ಹೇಳಿ, ಅದರಲ್ಲಿ ರೆಕ್ಸ್ ಮುದುಕನಾಗಿ ಬಿಳಿ ಗಡ್ಡ ಬಿಟ್ಟುಕೊಂಡು ಬರುತ್ತಾನೆ ಎಂದ.

‘ಅರ್ಥ ಹೇಳುವುದು ಯಾರು? ಅದೇ ಜನವಾ?’

‘ಅದೇ ಜನ ಅಜ್ಜ.’

‘ಚಹಾ ಮೊದಲೇ ತರಲಿಕ್ಕೆ ಹೇಳು. ನಡುವಿನಲ್ಲಿ ಏಳುವುದಿಲ್ಲ ನಾನು.’