‘ನನ್ನ ಹೆಸರಲ್ಲಿ ಯಾರು ಬೇಕಾದ್ರೂ ಕಾಗದ ಬರೀತಿದ್ರು’
ತಿರುಪ್ಪೂರಿನ ಬನಿಯನ್ ಕಂಪನಿಯೊಂದರ ಡೊಮೇನ್ ಜೊತೆ ಮಾತುಕತೆ

ತಿರುಪ್ಪೂರಿನಲ್ಲಿ ಅವಿನಾಶಿ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಸಿಗುವ ಒಂದು ಕಟ್ಟಡ. ಕೆಳಗೆ ಕಟಿಂಗ್, ಅದರ ಮೇಲೆ ಹೊಲಿಗೆ, ಅದರ ಮೇಲೆ ಚೆಕಿಂಗ್ ಮತ್ತು ಪ್ಯಾಕಿಂಗ್. ಮೂರನೇ ಮಹಡಿಯ ಮೂಲೆಯಲ್ಲೊಂದು ಆಫೀಸು. ಅಲ್ಲಿನ ಕಂಪ್ಯೂಟರಿಗೆ ಹೋದ ಆಯುಧಪೂಜೆಯಲ್ಲಿ ಇಟ್ಟ ಕುಂಕುಮ ಇನ್ನೂ ಒರೆಸಿಲ್ಲ. ನಮಗೆ ಮಾತಿಗೆ ಸಿಕ್ಕವರು ಕಂಪನಿಯ ಡೊಮೇನ್. ಹೆಸರು ಹಾಕಬೇಡಿ ಎಂದರು. ಹಾಕಿದರೆ ನಾಳೆ ಬೆಳಿಗ್ಗೆಯೇ ಸಾಲದ ಜಾಹೀರಾತು ಶುರುವಾಗುತ್ತದಂತೆ.

ನಿಮ್ಮ ಕನ್ನಡ ಚೆನ್ನಾಗಿದೆಯಲ್ಲ!

ಮೊದಲಾಳಿ ದೇವಾಂಗರು, ಸಾಮಿ. ಅವರ ತಾತ ಸಿರುಮುಗೈಯಲ್ಲಿ ಗುಂಡಿಮಗ್ಗದಲ್ಲಿ ಕೂತು ಸೀರೆ ನೇಯ್ದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಬಿಹಾರ ಒಡಿಶಾದಿಂದ ಬಂದ ಟೈಲರ್‌ಗಳ ಹತ್ರ ಹಿಂದಿ, ಬೈಯರ್‌ಗೆ ಇಂಗ್ಲಿಷು. ಆದರೆ ಇವರ ಕನ್ನಡ ಬಾಯಲ್ಲಿ ಮಾತ್ರ. ಚೌಡೇಶ್ವರಿ ಹಬ್ಬದ ಆಹ್ವಾನಪತ್ರ ಕೂಡ ತಮಿಳಲ್ಲೇ ಅಚ್ಚಾಗುತ್ತೆ. ನನ್ನ ಕಥೆಯೂ ಹೀಗೇ ಇತ್ತು. ಹೆಸರು ಇತ್ತು, ನಾನೇ ಅಂತ ತೋರಿಸೋಕೆ ಒಂದು ಸಾಲು ಬರಹ ಇರಲಿಲ್ಲ.

ನೀವು ಇಲ್ಲಿಗೆ ಬಂದದ್ದು ಯಾವಾಗ?

2008ರಲ್ಲಿ. ತಿರುಪ್ಪೂರು ಜಿಲ್ಲೆಯಾಗಿದ್ದು 2009ರಲ್ಲಿ ತಾನೇ, ಹಾಗಾಗಿ ನನ್ನ ನೋಂದಣಿ ಕಾಗದದಲ್ಲಿ ಈಗಲೂ ಕೋಯಮತ್ತೂರು ಜಿಲ್ಲೆ ಅಂತಲೇ ಇದೆ. ತಂದಿದ್ದು ವೆಬ್‌ಸೈಟ್‌ಗೆ. ‘ವೆಲ್‌ಕಮ್’ ಅನ್ನೋ ಅಕ್ಷರ ಬಲದಿಂದ ಎಡಕ್ಕೆ ಓಡ್ತಾ ಇರುತ್ತಲ್ಲ, ಆ ಕಾಲದ್ದು. ಮೇಲ್ ಮಾತ್ರ ಹದಿನಾರು ವರ್ಷ ಜಿಮೇಲ್‌ನಲ್ಲೇ ನಡೀತು. ಕಟ್ಟಡದ ಮೇಲೆ ಬಸ್ಸಿನಷ್ಟುದ್ದ ಬೋರ್ಡು, ಅದರ ಕೆಳಗೆ ಮಗಳ ಹೆಸರು, ಅವಳು ಹುಟ್ಟಿದ ಇಸವಿ, ಆಮೇಲೆ ಅಟ್ ಜಿಮೇಲ್ ಡಾಟ್ ಕಾಮ್. ಆಕೆ ಮದುವೆಯಾಗಿ ಕೋಯಮತ್ತೂರಿಗೆ ಹೋದಾಗ ಪಾಸ್‌ವರ್ಡೂ ಸೀರೆ ಪೆಟ್ಟಿಗೆ ಜೊತೆ ಹೋಯ್ತು. ಇಂಗ್ಲೆಂಡಿನ ಬೈಯರ್ ಆರ್ಡರ್ ಕಳಿಸಿದರೆ ಮೊದಲು ಓದ್ತಿದ್ದೋರು ಬೀಗರು.

ಮತ್ತೆ 2024ರಲ್ಲಿ ನಿಮ್ಮ ನೆನಪು ಹೇಗಾಯ್ತು?

ಗೂಗಲ್, ಯಾಹೂ ಎರಡೂ ಆ ಫೆಬ್ರವರಿಯಲ್ಲಿ ನಿಯಮ ಬಿಗಿ ಮಾಡಿದ್ವು. ದಿನಕ್ಕೆ ಐದು ಸಾವಿರಕ್ಕಿಂತ ಹೆಚ್ಚು ಮೇಲ್ ಹಾಕೋರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಬೇಕು, ‘ಬೇಡ’ ಅನ್ನೋಕೆ ಒಂದೇ ಒತ್ತಿನ ಗುಂಡಿ ಬೇಕು, ಸ್ಪ್ಯಾಮ್ ಅಂತ ದೂರು ಕೊಡೋರ ಪ್ರಮಾಣ ಶೇಕಡಾ 0.3 ಮುಟ್ಟಬಾರದು. ನಾವು ಐದು ಸಾವಿರದ ಆಸಾಮಿ ಅಲ್ಲ. ಆದರೆ ಸಣ್ಣವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇರಬೇಕು. ಅದಕ್ಕಿಂತ ದೊಡ್ಡ ಏಟು ಅಂದ್ರೆ, ಬೇರೆ ಕಂಪನಿಯ ಮೇಲ್ ಸೇವೆ ಬಳಸಿ ‘ಜಿಮೇಲ್’ ಹೆಸರು ಹಾಕಿ ಕಳಿಸೋದಕ್ಕೂ ಕಲ್ಲು ಬಿತ್ತು. ನಮ್ಮ ಬೇಸಿಗೆ ಕ್ಯಾಟಲಾಗು ಹಾಗೇ ಹೋಗ್ತಿತ್ತು. ಆ ಸಲ ಒಬ್ಬನೂ ಉತ್ತರ ಬರೀಲಿಲ್ಲ. ಮೊದಲಾಳಿ ಬಣ್ಣ ಚೆನ್ನಾಗಿಲ್ಲವೇನೋ ಅಂತ ಡೈಯಿಂಗ್‌ನವನನ್ನ ಬೈದರು. ನಿಜವಾದ ಕಾರಣ ತಿಳಿದ ಮೇಲೇ ನನ್ನ ನೆನಪಾದದ್ದು.

ನಿಮ್ಮ ಹೆಸರಿನ ಮೇಲ್ ನೀವೇ ಕಳಿಸಿದ್ದು ಅನ್ನೋದಕ್ಕೆ ಇಷ್ಟೆಲ್ಲ ಪುರಾವೆ ಯಾಕೆ?

1982ರಲ್ಲಿ ಜಾನ್ ಪೋಸ್ಟೆಲ್ ಅನ್ನೋರು ಮೇಲ್ ಸಾಗಿಸೋ ನಿಯಮ ಬರೆದಾಗ ಕಂಪ್ಯೂಟರ್ ಇದ್ದೋರೆಲ್ಲ ಹೆಚ್ಚುಕಡಿಮೆ ಪರಿಚಯದವರು. ‘ಇಂದ’ ಅನ್ನೋ ಜಾಗದಲ್ಲಿ ಯಾರು ಯಾರ ಹೆಸರು ಬೇಕಾದ್ರೂ ಬರೀಬಹುದಿತ್ತು. ನನ್ನ ಹೆಸರಲ್ಲೂ ಬರೆದ್ರು. ಔಷಧಿ ಮಾರಿದ್ರು, ಲಾಟರಿ ಹಂಚಿದ್ರು. ನಾನು ಮಾತ್ರ ಬನಿಯನ್ ಬಿಟ್ಟು ಬೇರೇನೂ ಕಂಡವನಲ್ಲ.

ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಈ ಮೂರನ್ನ ನಮ್ಮ ಓದುಗರಿಗೆ ಅರ್ಥವಾಗೋ ಹಾಗೆ ಹೇಳಿ.

ನಮ್ಮೂರ ಲೆಕ್ಕದಲ್ಲಿ ಹೇಳ್ತೀನಿ. ಇಲ್ಲಿ ಒಬ್ಬನೇ ಎಲ್ಲ ಮಾಡಲ್ಲ. ನೂಲು ಒಂದು ಕಡೆ, ನಿಟ್ಟಿಂಗ್ ಇನ್ನೊಂದು ಕಡೆ, ಡೈಯಿಂಗ್, ಪ್ರಿಂಟಿಂಗ್, ಕಾಂಪ್ಯಾಕ್ಟಿಂಗ್ ಎಲ್ಲ ಜಾಬ್‌ವರ್ಕ್. ಕೊನೆಗೆ ಲೇಬಲ್ ಮಾತ್ರ ನಮ್ಮದು. ಮೇಲೂ ಈಗ ಜಾಬ್‌ವರ್ಕೇ. ಕಳಿಸೋನು ಬೇರೆ, ಲೇಬಲ್ ನಾನು. ಎಸ್‌ಪಿಎಫ್ ಅಂದ್ರೆ ನಮ್ಮ ಮಾಲು ಯಾರ್ಯಾರ ಗಾಡಿಯಲ್ಲಿ ಬರಬಹುದು ಅಂತ ಊರಿಗೆಲ್ಲ ಕಾಣೋ ಹಾಗೆ ಬರೆದಿಟ್ಟ ಪಟ್ಟಿ. ಡಿಕಿಮ್ ಅಂದ್ರೆ ತೂತ್ತುಕುಡಿಗೆ ಹೊರಡೋ ಕಂಟೇನರ್‌ಗೆ ಹಾಕೋ ಸೀಲು. ದಾರಿಯಲ್ಲಿ ಯಾರಾದ್ರೂ ಒಳಗೆ ಕೈ ಹಾಕಿದ್ರೆ ಗೊತ್ತಾಗುತ್ತೆ. ಡಿಮಾರ್ಕ್ ಅಂದ್ರೆ ಬೈಯರ್‌ನ ಗೋದಾಮಿಗೆ ನಾವು ಕೊಟ್ಟ ಮಾತು: ಪಟ್ಟಿ, ಸೀಲು ಎರಡರಲ್ಲಿ ಒಂದಾದರೂ ನನ್ನ ಹೆಸರಿಗೆ ಕೂಡಿ ಬರದಿದ್ರೆ ಮಾಲನ್ನ ಒಳಗೆ ಬಿಡಿ, ಪಕ್ಕಕ್ಕಿಡಿ, ಇಲ್ಲ ವಾಪಸ್ ಕಳಿಸಿ. ಮೂರರಲ್ಲಿ ಯಾವುದು ಅಂತ ನಾವೇ ಹೇಳಬೇಕು.

ಕೇಳೋಕೆ ಸುಲಭ. ಅರ್ಧ ಗಂಟೆ ಕೆಲಸ?

ಇಪ್ಪತ್ತಾರು ದಿನ ಹಿಡೀತು. ಮೊದಲನೇದು, ಈ ಸಾಲುಗಳನ್ನ ಬರೆದಿಡೋ ನನ್ನ ಡಿಎನ್‌ಎಸ್ ಪ್ಯಾನೆಲ್‌ನ ಬೀಗದ ಕೈ ಯಾರ ಹತ್ರ ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಗಾಂಧಿಪುರಂನಲ್ಲಿ ವೆಬ್‌ಸೈಟ್ ಮಾಡಿದ ಹುಡುಗ ಈಗ ಬಿರಿಯಾನಿ ಅಂಗಡಿ ಇಟ್ಟಿದ್ದಾನೆ. ಒಟಿಪಿ ಅವನ ಹಳೇ ನಂಬರಿಗೆ ಹೋಗ್ತಿತ್ತು. ಆ ನಂಬರು ಪಲ್ಲಡಂನ ಒಬ್ಬ ಕೋಳಿ ಫಾರಂನವರ ಕೈ ಸೇರಿತ್ತು. ಪಾಪ, ಒಳ್ಳೆಯವರು. ಮೂರು ಸಲ ಒಟಿಪಿ ಓದಿ ಹೇಳಿದ್ರು, ನಾಲ್ಕನೇ ಸಲ ಬ್ಲಾಕ್ ಮಾಡಿದ್ರು.

ಎರಡನೇದು, ನಮ್ಮ ಮರ್ಚಂಡೈಸರ್ ಹುಡುಗ. ಮೇಲ್ ಸೇವೆಯವರು ಕೊಟ್ಟ ಸಾಲುಗಳನ್ನ ವಾಟ್ಸಾಪ್‌ನಿಂದ ಕಾಪಿ ಮಾಡಿ ಹಾಕಿದ. ‘ಹೋಸ್ಟ್’ ಅನ್ನೋ ಖಾನೆಯಲ್ಲಿ ಮೊದಲ ತುಂಡು ಮಾತ್ರ ಬರೀಬೇಕು, ಉಳಿದದ್ದನ್ನ ಪ್ಯಾನೆಲ್ ತಾನೇ ಸೇರಿಸಿಕೊಳ್ಳುತ್ತೆ. ಇವನು ನನ್ನ ಪೂರ್ತಿ ಹೆಸರು ಬರೆದ. ಪ್ಯಾನೆಲ್ ಅದರ ಬಾಲಕ್ಕೆ ಮತ್ತೊಂದು ಸಲ ನನ್ನ ಹೆಸರು ಕಟ್ಟಿತು. ಮುನಿಯಪ್ಪನ ಮಗ ಮುನಿಯಪ್ಪನ ಮಗ ಅಂದ ಹಾಗೆ. ನನ್ನ ಸೀಲು ಎಲ್ಲಿದೆ ಅಂತ ಜಗತ್ತು ಹುಡುಕ್ತಿದ್ರೆ ಅದು ಇಲ್ಲದ ಮನೆಯೊಂದರ ಬಾಗಿಲಿಗೆ ನೇತಾಡ್ತಿತ್ತು. ಇನ್ನೂ ಇದೆ. ಡಿಕಿಮ್‌ನ 2048 ಬಿಟ್ ಕೀಲಿ ಉದ್ದ, ಒಂದು ತುಂಡಿಗೆ 255 ಅಕ್ಷರವೇ ಮಿತಿ. ಉಳಿದದ್ದನ್ನ ಪ್ಯಾನೆಲ್ ಕತ್ತರಿಸಿ ಬಿಸಾಕಿತು. ಕಟಿಂಗ್ ವೇಸ್ಟ್ ಅಂದುಕೊಂಡಿರಬೇಕು.

ಎಸ್‌ಪಿಎಫ್ ಪಟ್ಟಿ?

ಒಂದು ಹೆಸರಿಗೆ ಒಂದೇ ಪಟ್ಟಿ ಇರಬೇಕು. ಎರಡು ಸಿಕ್ಕಿದ್ರೆ ಯಾವುದೂ ಲೆಕ್ಕಕ್ಕಿಲ್ಲ. ಇವನು ಹಳೇದನ್ನ ಅಳಿಸೋಕೆ ಹೆದರಿ ಹೊಸದನ್ನ ಕೆಳಗೆ ಸೇರಿಸಿದ. ಅಕೌಂಟ್ಸ್ ಸಾಫ್ಟ್‌ವೇರ್, ಕೊರಿಯರ್, ಕ್ಯಾಟಲಾಗ್ ಸೇವೆ ಎಲ್ಲವನ್ನೂ ಒಳಗೆ ತುರುಕಿದ. ಹತ್ತು ಸಲಕ್ಕಿಂತ ಹೆಚ್ಚು ವಿಚಾರಣೆ ಮಾಡಬೇಕಾಗಿ ಬಂದ್ರೆ ಎದುರಿನವನು ಪಟ್ಟಿಯನ್ನೇ ಮಡಚಿಡ್ತಾನೆ. ಕೊನೆಯಲ್ಲಿ ‘ಆಲ್’ ಅನ್ನೋ ಪದ ಬರುತ್ತೆ, ಅದರ ಮುಂದಿನ ಚಿಹ್ನೆ ಮುಖ್ಯ. ಗೆರೆ ನೆಟ್ಟಗಿದ್ರೆ ಬೇರೆಯವರು ನಮ್ಮವರಲ್ಲ, ಹಾವಿನ ಹಾಗೆ ಡೊಂಕಾಗಿದ್ರೆ ನಮ್ಮವರಲ್ಲ ಅನಿಸುತ್ತೆ. ಮೊದಲಾಳಿಗೆ ಪ್ಲಸ್ ಇಷ್ಟ, ಶುಭ ಅಂತ ಅದನ್ನೇ ಹಾಕಿಸಿದ್ರು. ಪ್ಲಸ್ ಅಂದ್ರೆ ಊರಿನವರೆಲ್ಲ ನಮ್ಮವರೇ.

ಕೊನೆಗೂ ಎಲ್ಲ ಸರಿಹೋಯಿತಲ್ಲ. ಮೇಲ್ ನೇರ ಇನ್‌ಬಾಕ್ಸಿಗೆ ಹೋಗುತ್ತದೆಯೇ?

ಗುರುತು ಬೇರೆ, ಮರ್ಯಾದೆ ಬೇರೆ. ಸಣ್ಣ ಪ್ಲಾನ್ ತಗೊಂಡ್ರೆ ಕಳಿಸೋ ಐಪಿ ವಿಳಾಸವನ್ನ ಬೇರೆ ಗಿರಾಕಿಗಳ ಜೊತೆ ಹಂಚಿಕೊಳ್ಳಬೇಕು. ಒಬ್ಬ ಹೊಲಸು ಬಿಟ್ರೆ ಎಲ್ಲರ ಹೆಸರೂ ಕೆಡುತ್ತೆ. ಇದನ್ನ ನಮ್ಮೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೊಯ್ಯಲ್ ಹೊಳೆ ನೋಡಿ. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಡೈಯಿಂಗ್ ಘಟಕಗಳನ್ನ ಮುಚ್ಚಿಸಿದಾಗ ಹೊಳೆಗೆ ಇವನು ಕೊಳೆನೀರು ಕಡಿಮೆ ಬಿಟ್ಟ, ಅವನು ಹೆಚ್ಚು ಬಿಟ್ಟ ಅಂತ ಯಾರೂ ಅಳೀಲಿಲ್ಲ. ಅದಕ್ಕೇ ಈಗ ಕ್ಯಾಟಲಾಗಿಗೆ ನನ್ನ ಮುಂದೆ ‘ನ್ಯೂಸ್’ ಸೇರಿಸಿ ಒಂದು ಮರಿ ಹೆಸರು ಮಾಡಿದ್ದಾರೆ. ಅದು ಕೆಟ್ಟರೂ ಇನ್‌ವಾಯ್ಸ್ ಹೋಗೋ ದಾರಿ ಅಷ್ಟಾಗಿ ಕೆಡಲ್ಲ. ಮೊದಲ ವಾರ ದಿನಕ್ಕೆ ಐವತ್ತೇ ಮೇಲ್. ಹೊಸ ಸೊಸೆ ಹಾಗೆ, ಮೆಲ್ಲಗೆ.

ಇನ್ನು ಮೋಸ ಮಾಡೋರ ಕಾಟ ಇಲ್ಲ ಅನ್ನಿ.

ಯಾರು ಹೇಳಿದ್ದು? ನನ್ನ ಹೆಸರನ್ನೇ ಹಾಕಿಕೊಂಡು ಬರೋರನ್ನ ತಡೀಬಹುದು. ನನ್ನ ಹಾಗೇ ಕಾಣೋ ಹೆಸರು ದುಡ್ಡು ಕೊಟ್ಟು ಕೊಂಡ್ರೆ? ಇಂಗ್ಲಿಷ್ ‘ಎಮ್’ ಇರೋ ಕಡೆ ‘ಆರ್’, ‘ಎನ್’ ಒತ್ತೊತ್ತಾಗಿ ಬರೆದರೆ ಕನ್ನಡಕ ಹಾಕಿದ ಬೈಯರ್‌ಗೂ ಎಮ್ ಅಂತಲೇ ಕಾಣುತ್ತೆ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣ ಇದಕ್ಕೆ ಹಾಕಿ’ ಅಂತ ಒಂದು ಸಾಲು ಸಾಕು. ಅಂಥ ಹೆಸರಿಗೂ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಶುದ್ಧವಾಗಿರುತ್ತೆ ಸಾಮಿ. ನನ್ನದಕ್ಕಿಂತ ಶುದ್ಧ, ಯಾಕಂದ್ರೆ ಅವರು ಅರ್ಧ ಗಂಟೆಯಲ್ಲಿ ಮುಗಿಸಿರ್ತಾರೆ. ಖಾತೆ ಬದಲಾಯ್ತು ಅಂದ್ರೆ ಫೋನ್ ಮಾಡಿ ಕೇಳೋದೇ ದಾರಿ.

ನಿಮ್ಮ ಹೆಸರನ್ನು ಈಗ ಯಾರು ಯಾರು ಬಳಸ್ತಿದ್ದಾರೆ ಅನ್ನೋದು ತಿಳಿಯುತ್ತದೆಯೇ?

ಅದು ಡಿಮಾರ್ಕ್‌ನ ಇನ್ನೊಂದು ಉಪಕಾರ. ಗೂಗಲ್‌ನಂಥವರು ದಿನಾ ವರದಿ ಕಳಿಸ್ತಾರೆ: ಯಾವ ಐಪಿಯಿಂದ, ನನ್ನ ಹೆಸರಲ್ಲಿ, ಎಷ್ಟು ಮೇಲ್, ಪಾಸಾ ಫೇಲಾ. ಕೇಳಿದ್ರೆ ನಂಬಲ್ಲ, ಹೋದ ಭಾನುವಾರ ಫ್ಯಾಕ್ಟರಿಗೆ ಬೀಗ. ಆವತ್ತೂ ನನ್ನ ಹೆಸರಲ್ಲಿ ಯಾರೋ ಇನ್ನೂರು ಮೇಲ್ ಹಾಕಿದ್ದಾರೆ.

ಅಯ್ಯೋ! ಮೊದಲಾಳಿ ಏನಂದ್ರು?

ಅವರಿಗೆ ತಲುಪಬೇಕಲ್ಲ. ವರದಿ ಜಿಪ್ ಫೈಲ್‌ನಲ್ಲಿ ಬರುತ್ತೆ. ಜಿಪ್ ಅಂದ್ರೆ ವೈರಸ್ಸು, ಮುಟ್ಟಬೇಡ ಅಂತ ಮೊದಲಾಳಿಯೇ ಅಕೌಂಟ್ಸ್ ಹುಡುಗಿಗೆ ಹೇಳಿದ್ದಾರೆ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬಂದು, ಚಪ್ಪಲಿ ಬಿಟ್ಟು, ಕಂಪ್ಯೂಟರಿಗೆ ಕೈ ಮುಗಿದು, ಎಲ್ಲ ವರದಿಗೂ ಟಿಕ್ ಹಾಕಿ ಸ್ಪ್ಯಾಮ್‌ಗೆ ತಳ್ಳಿ, ಆಮೇಲೇ ಟೀ ಕುಡೀತಾಳೆ. ಕೆಲಸ ಬಹಳ ಅಚ್ಚುಕಟ್ಟು.