ಒಂದು ಅನುಕರಣಾವ್ಯಯದ ಬೆನ್ನುಹತ್ತಿ

ನಮ್ಮ ಮನೆಯ ಮಾರುತಿ 800 ಕಾರು ಹಳ್ಳಕ್ಕೆ ಇಳಿದಾಗಲೆಲ್ಲ ಮುಂಭಾಗದ ಎಡಗಡೆಯಿಂದ ಒಂದು ಸದ್ದನ್ನು ಹೊರಡಿಸತೊಡಗಿದುದು ನಾನು ಅದನ್ನು ರಿಪೇರಿ ಮಾಡಿದ ಮೇಲೆಯೇ ಹೊರತು ಅದಕ್ಕೆ ಮೊದಲಲ್ಲ. ಈ ಪೂರ್ವಾಪರವನ್ನು ಆರಂಭದಲ್ಲಿಯೇ ಒಪ್ಪಿಕೊಂಡುಬಿಡುವುದು ಲೇಸು. ನಾನು ಮರೆಮಾಚಿದರೂ ಹೇಳುವುದಕ್ಕೆ ನನ್ನಾಕೆ ಇದ್ದಾಳೆ.

ನಡೆದುದಿಷ್ಟು. ಕಾರಿನ ಮುಂದಿನ ಎರಡು ಶಾಕುಗಳೂ ಎಣ್ಣೆ ಸೋರಿ ಸತ್ತ್ವಹೀನವಾಗಿ, ಹಂಪು ದಾಟಿದ ಮೇಲೆ ಗಾಡಿಯು ಒಮ್ಮೆ ಕುಪ್ಪಳಿಸಿ ಸುಮ್ಮನಾಗುವುದನ್ನು ಬಿಟ್ಟು ತೆಪ್ಪದ ಹಾಗೆ ನಾಲ್ಕಾರು ಸಲ ತೂಗಾಡಿ, ಹಿಂದಿನ ಸೀಟಿನಲ್ಲಿ ಕುಳಿತ ನಮ್ಮ ಮಾವನವರ ನಶ್ಯದ ಡಬ್ಬಿಯನ್ನು ಅವರ ಬಿಳಿಯ ಪಂಚೆಯ ಮೇಲೆ ಬರಿದುಮಾಡಿತ್ತು. ಇಂಥದಕ್ಕೆ ಗ್ಯಾರೇಜಿಗೆ ಹೋಗುವುದೇ ಲೋಕರೂಢಿ. ಆದರೆ ಅದರ ಹಿಂದಿನ ವಾರವಷ್ಟೇ ನಾನು ಅಡಿಗೆಮನೆಯ ಮಿಕ್ಸಿಯನ್ನು ಬಿಚ್ಚಿ, ಸವೆದ ಕಪ್ಲರನ್ನು ಬದಲಾಯಿಸಿ, ಪುನಃ ಜೋಡಿಸಿ, ಅದು ತಿರುಗಿದುದನ್ನು ಕಣ್ಣಾರೆ ಕಂಡು, ಯಂತ್ರವಿದ್ಯೆಯಲ್ಲಿ ನನಗೆ ಜನ್ಮಾಂತರದ ಸಂಸ್ಕಾರವಿದೆಯೆಂಬ ನಿಶ್ಚಯಕ್ಕೆ ಬಂದಿದ್ದೆನು. ಮಿಕ್ಸಿಗೂ ಮೋಟಾರುಗಾಡಿಗೂ ಇರುವ ಭೇದವು ಗಾತ್ರದ್ದೇ ವಿನಾ ತತ್ತ್ವದ್ದಲ್ಲವೆಂದು ನನಗೆ ತೋರಿತು. ಜೆ.ಸಿ. ರಸ್ತೆಗೆ ಹೋಗಿ ಎರಡು ಹೊಸ ಶಾಕುಗಳನ್ನು ಕೊಂಡು, ಸ್ಪ್ರಿಂಗನ್ನು ಅದುಮಿ ಹಿಡಿಯುವ ಒಂದು ಸಾಧನವನ್ನು ಬಾಡಿಗೆಗೆ ತಂದು, ಭಾನುವಾರ ಬೆಳಿಗ್ಗೆ ಬಸವನಗುಡಿಯ ನಮ್ಮ ಅಡ್ಡರಸ್ತೆಯಲ್ಲಿ, ಹಾಲಿನವನೂ ಹೂವಿನವಳೂ ಎದುರುಮನೆಯ ನಿವೃತ್ತ ತಹಸೀಲ್ದಾರರೂ ನೋಡುತ್ತಿರಲು, ಅಂಗಿಯ ತೋಳು ಮಡಿಸಿ ಕಾರ್ಯಾರಂಭ ಮಾಡಿದೆನು. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಹಾಕಿಡಲು, ಹಿಂದಿನ ವಾರ ಮಿಕ್ಸಿಯ ಕೆಲಸಕ್ಕೆ ಒದಗಿದ್ದ ಸ್ಟೀಲಿನ ಬಟ್ಟಲೇ ಆಯಿತು.

ಆ ದಿನದ ಸಾಹಸವನ್ನು ವಿಸ್ತರಿಸುವುದಿಲ್ಲ. ಎರಡು ಕೊಕ್ಕೆಗಳ ನಡುವೆ ಉಸಿರು ಬಿಗಿಹಿಡಿದು ಕುಳಿತ ಸ್ಪ್ರಿಂಗೊಂದನ್ನು ಎದೆಯ ಹತ್ತಿರ ಇಟ್ಟುಕೊಂಡವನಿಗೆ, ಅದು ತಪ್ಪಿ ಸಿಡಿದರೆ ಮುಂದೇನೆಂಬ ಚಿಂತೆಯಲ್ಲಿ ಸಮಸ್ತ ಇಷ್ಟದೇವತೆಗಳೂ ವರ್ಣಾನುಕ್ರಮದಲ್ಲಿ ಜ್ಞಾಪಕಕ್ಕೆ ಬರುತ್ತಾರೆಂಬಷ್ಟನ್ನು ಹೇಳಿದರೆ ಸಾಕು. ಸಂಜೆಗೆ ಎರಡೂ ಪಕ್ಕ ಮುಗಿದು, ಚಕ್ರಗಳು ಸ್ವಸ್ಥಾನಗಳಿಗೆ ಮರಳಿ, ಕಾರು ನೆಲಕ್ಕಿಳಿಯಿತು. ಬಟ್ಟಲಿನ ತಳದಲ್ಲಿ ಒಂದು ತೆಳ್ಳನೆಯ ವಾಷರು ಮಾತ್ರ ಉಳಿದಿತ್ತು. ಅದನ್ನು ಯಾರೂ ನೋಡದ ಹಾಗೆ ಜೇಬಿಗೆ ಸೇರಿಸಿದೆನು.

ಮನೆಯವರನ್ನೆಲ್ಲ ಕೂರಿಸಿಕೊಂಡು ಪರೀಕ್ಷೆಗೆಂದು ಹೊರಟೆನು. ಬುಲ್ ಟೆಂಪಲ್ ರಸ್ತೆಗೆ ತಿರುಗುವ ಮುನ್ನ ಒಂದು ಗುಂಡಿಯಿತ್ತು. ಎಡಚಕ್ರ ಅದರೊಳಕ್ಕೆ ಇಳಿದ ಕ್ಷಣದಲ್ಲಿ ಆ ಸದ್ದು ಕೇಳಿಸಿತು.

ಎಂಥ ಸದ್ದು? ಇಲ್ಲಿಂದಲೇ ಮನೆಯಲ್ಲಿ ಮತಭೇದ ಹುಟ್ಟಿತು. ನನ್ನ ಕಿವಿಗೆ ಅದು ‘ಟಕ್’ ಎಂಬಂತೆ, ಕ್ಷಮಾರ್ಹವಾಗಿ, ಯಾರೋ ವಿನಯದಿಂದ ಬಾಗಿಲು ತಟ್ಟಿದ ಹಾಗೆ ಕೇಳಿಸಿತು. ನನ್ನಾಕೆ ಅದು ‘ಲೊಟಕ್’ ಎಂದಳು. ಮಗನು ‘ದಡಕ್’ ಎಂದನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸಿದ ಮಾವನವರು, ಅನುಕರಣಾವ್ಯಯವನ್ನು ಮನಬಂದಂತೆ ಪ್ರಯೋಗಿಸಕೂಡದೆಂದು ನಮ್ಮನ್ನು ಆಕ್ಷೇಪಿಸಿ, ಮತ್ತೊಮ್ಮೆ ಗುಂಡಿಗೆ ಇಳಿಸಹೇಳಿ, ಕಣ್ಣು ಮುಚ್ಚಿ ಆಲಿಸಿ, “ಆದಿಯಲ್ಲಿ ಲಕಾರವಿರುವುದು ನಿಸ್ಸಂದೇಹ. ಮಧ್ಯದಲ್ಲಿ ಟಕಾರಕ್ಕೆ ಒತ್ತು ಇದೆ. ‘ಲೊಟ್ಟಕ್’ ಎನ್ನುವುದು ಸಾಧು” ಎಂದು ತೀರ್ಪು ಕೊಟ್ಟರು. ಇದು ಬರಿಯ ಪಾಂಡಿತ್ಯವಿನೋದವೆಂದು ಆಗ ನಗುಬಂದಿತ್ತು. ಆಮೇಲೆ ತಿಳಿಯಿತು, ಸದ್ದಿನ ವರ್ಣವಿವೇಕವೇ ಈ ಶಾಸ್ತ್ರದಲ್ಲಿ ಅರ್ಧ ಚಿಕಿತ್ಸೆ: ಒಣಗಿದ ರಬ್ಬರು ‘ಕಿರ್’ ಎನ್ನುತ್ತದೆ, ಸವೆದ ಬೇರಿಂಗು ‘ಗುಂಯ್’ ಎನ್ನುತ್ತದೆ, ಬಿಗಿಯಿಲ್ಲದ ಲೋಹವು ಲೋಹಕ್ಕೆ ತಾಕಿದಾಗ ಮಾತ್ರವೇ ಲಕಾರವೂ ಟಕಾರವೂ ಕೂಡಿಬರುತ್ತವೆ.

ಗ್ಯಾರೇಜಿನಲ್ಲಿ ರಿಪೇರಿಯಾಗಿ ಬಂದ ಕಾರು ಸದ್ದು ಮಾಡಿದರೆ ಆ ಸದ್ದು ಮೆಕ್ಯಾನಿಕ್ಕಿನದು; ಅವನನ್ನು ಬಯ್ದುಕೊಂಡು ನೆಮ್ಮದಿಯಾಗಿ ಗಾಡಿ ಓಡಿಸಬಹುದು. ಸ್ವಹಸ್ತದಿಂದ ಮಾಡಿಕೊಂಡ ಸದ್ದಿಗೆ ಆ ಸೌಕರ್ಯವಿಲ್ಲ. ಅದು ಔರಸ ಸಂತಾನ, ಯಾರ ಮೇಲೂ ಹೊರಿಸುವ ಹಾಗಿಲ್ಲ. ಮುಂದಿನ ಹದಿನೈದು ದಿನ ನಾನು ಲೋಕದ ಬೇರೆ ಯಾವ ಸದ್ದಿಗೂ ಕಿವಿಗೊಡಲಿಲ್ಲ. “ಮಿಕ್ಸಿ ಯಾಕೋ ಈಚೆಗೆ ಗಡಗಡ ಅನ್ನತ್ತೆ, ಸ್ವಲ್ಪ ನೋಡ್ತೀರಾ?” ಎಂದು ನನ್ನಾಕೆ ಎರಡು ಮೂರು ಬಾರಿ ಹೇಳಿದಳಂತೆ, ನಾನು “ಬ್ರೇಕು ಒತ್ತಿದಾಗಲೂ ಬರುತ್ತೆಯೆ?” ಎಂದು ಕೇಳಿದೆನಂತೆ.

ನಿದಾನಕ್ಕೆ ನಾನು ಹಿಡಿದ ಮಾರ್ಗವು ವೇದಾಂತಿಗಳ ‘ನೇತಿ ನೇತಿ’. ಮೊದಲು ಡಿಕ್ಕಿಯನ್ನು ಬರಿದುಮಾಡಿದೆನು: ಜಾಕು, ಪಾನಾದ ಚೀಲ, ಒಂದು ಮುರುಕು ಕೊಡೆ, ಮದುವೆಯೊಂದರ ತಾಂಬೂಲದಲ್ಲಿ ಬಂದು ಮರೆತುಹೋಗಿದ್ದ ಎರಡು ತೆಂಗಿನಕಾಯಿ. ಸದ್ದು ಉಳಿಯಿತು. ಬ್ರೇಕನ್ನು ಮೆಲ್ಲಗೆ ಒತ್ತಿಹಿಡಿದೇ ಗುಂಡಿ ದಾಟಿದೆನು; ಕ್ಯಾಲಿಪರು ಅಲ್ಲಾಡುತ್ತಿದ್ದರೆ ಆಗ ಅದು ಮೂಕವಾಗಬೇಕು. ಆಗಲಿಲ್ಲ. ಕಾರನ್ನು ಎತ್ತಿ, ಕೆಳಗೆ ಭದ್ರವಾದ ಸ್ಟ್ಯಾಂಡು ಕೊಟ್ಟು, ಚಕ್ರವನ್ನು ಮೇಲಕ್ಕೂ ಕೆಳಕ್ಕೂ ಹಿಡಿದು ಅಲ್ಲಾಡಿಸಿದೆನು; ಬಾಲ್ ಜಾಯಿಂಟು ಸವೆದಿದ್ದರೆ ಕೈಗೆ ತಿಳಿಯಬೇಕು. ಅದು ಬಂಡೆಯಂತಿತ್ತು. ಬಳಿಕ ಉದ್ದನೆಯ ಸ್ಕ್ರೂಡ್ರೈವರೊಂದರ ಮೊನೆಯನ್ನು ಲೋವರ್ ಆರ್ಮಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಮಗನಿಗೆ ಬಾನೆಟ್ಟಿನ ಮೂಲೆಯನ್ನು ಅದುಮಹೇಳಿದೆನು. 1816ರಲ್ಲಿ ಲೆನೆಕ್ ಎಂಬ ಫ್ರೆಂಚ್ ವೈದ್ಯನು ಕಾಗದದ ಸುರುಳಿಯನ್ನು ರೋಗಿಯ ಎದೆಗಿಟ್ಟು ಆಲಿಸಿದುದರಿಂದ ಸ್ಟೆತಾಸ್ಕೋಪು ಹುಟ್ಟಿತಷ್ಟೆ. ಅವನ ರೋಗಿಯ ಕೆಳಗೆ ಅಂಗಾತ ಮಲಗುವ ಅವಶ್ಯಕತೆ ಅವನಿಗೆ ಒದಗಿರಲಾರದು. ನನಗೆ ಕೇಳಿಸಿದುದು ನನ್ನ ಹೃದಯದ ಬಡಿತ, ಮತ್ತು ತಹಸೀಲ್ದಾರರ ಚಪ್ಪಲಿಯ ಸದ್ದು. “ಏನು ಸ್ವಾಮೀ, ಇನ್ನೂ ಆಗಲಿಲ್ಲವೆ?” ಎಂದು ವಿಚಾರಿಸಿಕೊಂಡು ಅವರು ವಾಯುಸಂಚಾರಕ್ಕೆ ಹೊರಟರು.

ತೊಡಕಿಗೆ ಕಾರಣ ಮುಂದಿನ ಚಕ್ರಗಳನ್ನು ಹೊತ್ತ ಏರ್ಪಾಡಿನಲ್ಲಿಯೇ ಇದೆ. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರು 1940ರ ದಶಕದಲ್ಲಿ ರೂಪಿಸಿದ, 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಕಾರಿನೊಡನೆ ಜನರ ಕಣ್ಣಿಗೆ ಬಿದ್ದ ಸ್ಟ್ರಟ್ಟು ಇದು. ಸ್ಪ್ರಿಂಗು, ಶಾಕು, ಚಕ್ರವನ್ನು ನೆಟ್ಟಗೆ ನಿಲ್ಲಿಸುವ ಕಂಬ, ಎಲ್ಲವೂ ಇದರಲ್ಲಿ ಅವಿಭಕ್ತ ಕುಟುಂಬದಂತೆ ಒಂದೇ ಸೂರಿನಡಿ ಇರುತ್ತವೆ. ಜಾಗ ಕಡಿಮೆ, ವೆಚ್ಚ ಕಡಿಮೆ. ಆದರೆ ಅವಿಭಕ್ತ ಕುಟುಂಬದಲ್ಲಿಯಂತೆಯೇ ಗೊಣಗುವವರು ಯಾರೆಂಬುದು ಮಾತ್ರ ಹೊರಗಿನವರಿಗೆ ತಿಳಿಯುವುದಿಲ್ಲ. ಕಂಬದ ಬುಡದಲ್ಲಿ ಹುಟ್ಟಿದ ಸದ್ದು ನೆತ್ತಿಗೆ ಏರುತ್ತದೆ, ನೆತ್ತಿಯದು ತಗಡಿನ ಮೈಯೊಳಗೆ ಹರಿದು ಪೆಡಲಿನ ಹತ್ತಿರ ಕೇಳಿಸುತ್ತದೆ.

ಒಂಬತ್ತನೆಯ ದಿನ ಇನ್ನೊಂದು ವಿಪತ್ತು. ನನ್ನ ಪ್ರಯೋಗಶಾಲೆಯಾಗಿದ್ದ ಗುಂಡಿಯನ್ನು ಯಾರೋ ಪುಣ್ಯಾತ್ಮರು ಜಲ್ಲಿ ಸುರಿದು ಮುಚ್ಚಿಬಿಟ್ಟಿದ್ದರು. ರಸ್ತೆ ಸಮನಾದುದಕ್ಕೆ ಬೆಂಗಳೂರಿನಲ್ಲಿ ಕಣ್ಣೀರು ತಂದುಕೊಂಡವನು ನಾನೊಬ್ಬನೇ ಇರಬೇಕು. ಬೇರೆ ಗುಂಡಿಗಳು ಹೇರಳವಾಗಿದ್ದವು ನಿಜ. ಆದರೆ ಅದರ ಆಳ, ಅಂಚು, ನನ್ನ ಎಡಚಕ್ರಕ್ಕೂ ಅದಕ್ಕೂ ಬೆಳೆದಿದ್ದ ಸಲಿಗೆ ಬೇರೆಲ್ಲಿ ಸಿಕ್ಕೀತು?

ಕೊನೆಗೆ ಅಹಂಕಾರವನ್ನು ಮನೆಯಲ್ಲಿಯೇ ಬಿಟ್ಟು ಗ್ಯಾರೇಜಿಗೆ ಹೋದೆನು. ಮೇಸ್ತ್ರಿಯು ಬೀಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು, “ಹೆಂಗ್ ಬರ್ತದೆ ಸಾರ್ ಸೌಂಡು? ಮಾಡಿ ತೋರ್ಸಿ” ಎಂದನು. ಗ್ರೀಸು ಹತ್ತಿದ ಹುಡುಗರು ಮೂವರು ಕೆಲಸ ನಿಲ್ಲಿಸಿ ನನ್ನ ಬಾಯನ್ನೇ ನೋಡಿದರು. ವಯಸ್ಸು ಐವತ್ತು ದಾಟಿದವನು, ಕನ್ನಡಕ ಹಾಕಿದವನು, ನಾಲ್ಕು ಜನರ ಎದುರಿಗೆ ನಿಂತು ಮಾವನವರ ತೀರ್ಪಿಗೆ ಭಂಗಬಾರದಂತೆ “ಲೊಟ್ಟಕ್” ಎಂದೆನು. “ಇನ್ನೊಂದ್ ಸಲ ಸಾರ್.” ಎರಡನೆಯ ಸಲ ಒತ್ತಕ್ಷರವನ್ನು ಸ್ಪಷ್ಟಪಡಿಸಿದೆನು. ಹುಡುಗರಲ್ಲಿ ಕಿರಿಯವನು ಬೆನ್ನು ತಿರುಗಿಸಿಕೊಂಡು ಟಯರಿನ ಹಿಂದೆ ಬಗ್ಗಿದನು. ಅವನ ಭುಜ ಕುಲುಕುತ್ತಿತ್ತು. ಮೇಸ್ತ್ರಿ ಮಾತ್ರ ನಗಲಿಲ್ಲ. “ಮ್ಯಾಲಿಂದು” ಎಂದನು.

ಬಾನೆಟ್ಟು ತೆರೆದು, ಸ್ಟ್ರಟ್ಟಿನ ನೆತ್ತಿಯ ಮೇಲಿನ ರಬ್ಬರು ಟೋಪಿಯನ್ನು ತೆಗೆದು, ನಡುವಣ ನಟ್ಟಿನ ಮೇಲೆ ಎರಡು ಬೆರಳಿಟ್ಟು, ಹುಡುಗನಿಗೆ ಕಾರನ್ನು ಅದುಮಿ ಬಿಡಹೇಳಿದನು. ಆಮೇಲೆ ನನ್ನ ಬೆರಳನ್ನು ಎಳೆದು ಅಲ್ಲಿಟ್ಟನು. ಗಾಡಿ ಮೇಲೆದ್ದಾಗ ಬೆರಳಿನ ಕೆಳಗೆ ಏನೋ ಕೂದಲೆಳೆಯಷ್ಟು ಮಿಸುಕಿ ಒಳಗೇ ತಟ್ಟಿತು. ನಾನು ಆ ನಟ್ಟನ್ನು ಬಿಗಿದಿದ್ದೆನೆಂದು ಪ್ರಮಾಣ ಮಾಡಬಲ್ಲೆನಾಗಿದ್ದೆ. ಆದರೆ ನಟ್ಟಿನ ಜೊತೆಗೆ ಶಾಕಿನ ರಾಡೂ ತಿರುಗುತ್ತಿದ್ದುದನ್ನು ಕಾಣದೆ, ಬಿಗಿಯುತ್ತಿರುವೆನೆಂಬ ಭ್ರಮೆಯಲ್ಲಿ ಇಬ್ಬರನ್ನೂ ಪ್ರದಕ್ಷಿಣೆ ಮಾಡಿಸಿದ್ದೆನು. ಮೇಸ್ತ್ರಿಯು ಒಂದು ಕೈಯಲ್ಲಿ ರಾಡಿನ ತುದಿಯನ್ನು ಹಿಡಿದು ಮತ್ತೊಂದರಲ್ಲಿ ಪಾನಾ ತಿರುವಿದನು. ಒಂದೂವರೆ ಸುತ್ತು ತಿರುಗಿ ನಟ್ಟು ನಿಂತಿತು. “ಕೆಳಗಿನ ಬುಷ್ಷು ಗಾಡಿ ಮೇಲೆತ್ತಿದಾಗ್ಲೇ ಟೈಟ್ ಮಾಡಿದ್ರಾ?” ಎಂದು ಕೇಳಿದನು. ಹೌದೆಂದೆನು. “ಅದು ನೆಲದ ಮೇಲೆ ನಿಂತಾಗ ಮಾಡ್ಬೇಕು ಸಾರ್. ಇಲ್ಲಾಂದ್ರೆ ರಬ್ಬರು ಯಾವಾಗ್ಲೂ ಮುರ್ಕೊಂಡೇ ಇರ್ತದೆ” ಎಂದು, ಅದನ್ನೂ ಸಡಿಲಿಸಿ ಮತ್ತೆ ಬಿಗಿದುಕೊಟ್ಟನು. ಕೆಲಸ ಕಾಲು ಗಂಟೆಯದು. ಟೀ ಕಾಸಿಗಿಂತ ಹೆಚ್ಚು ತೆಗೆದುಕೊಳ್ಳಲು ಒಪ್ಪಲಿಲ್ಲ. ಬಹುಶಃ ಮನರಂಜನೆಯ ಬಾಬ್ತು ವಜಾ ಹಾಕಿರಬೇಕು.

ಹೊರಡುವ ಮುನ್ನ, ಹದಿನೈದು ದಿನವೂ ಜೇಬಿನಲ್ಲಿ ಪಾಪದಂತೆ ಇಟ್ಟುಕೊಂಡು ತಿರುಗಿದ ವಾಷರನ್ನು ಹೊರತೆಗೆದು ಅವನ ಅಂಗೈ ಮೇಲೆ ಹಾಕಿದೆನು. ಅವನು ಅದನ್ನು ಬಿಸಿಲಿಗೆ ಹಿಡಿದು, ಉಗುರಿನಿಂದ ಮೀಟಿ, ಹಿಂದಕ್ಕೆ ಕೊಟ್ಟನು.

“ಇದು ಕಾರಿಂದಲ್ಲ ಸಾರ್. ಇಷ್ಟು ತೆಳ್ಳಗಿಂದು ಇಲ್ಲೆಲ್ಲೂ ಬರಲ್ಲ.”

ಗುಂಡಿ ಗುಂಡಿಗೂ ಬೇಕೆಂದೇ ಇಳಿಸುತ್ತ, ಮೌನವನ್ನು ಸವಿಯುತ್ತ ಮನೆಗೆ ಬಂದು, ಜಗಲಿಯಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಅಡಿಗೆಮನೆಯಲ್ಲಿ ಚಟ್ನಿಗೆ ಮಿಕ್ಸಿ ಹಾಕಿದರು. ಗಡಗಡಗಡ ಎಂದಿತು. ಮಾವನವರು ಪತ್ರಿಕೆಯಿಂದ ತಲೆಯೆತ್ತಿ, “ಇದು ದ್ವಿರುಕ್ತಿ” ಎಂದರು. ನಾನು ಜೇಬಿಗೆ ಕೈಹಾಕಿದೆನು.